ನಾಲ್ಕು ಸಾಕೆಟ್ಟಿನ ಮೆಂಡಿಕೋಟ್

ಮುಂಬಯಿಯ ಲೋಕಲ್ ರೈಲಿನಲ್ಲಿ ದಿನಾ ಓಡಾಡುವವರಿಗೆ ಇಸ್ಪೀಟಿನ ಗುಂಪುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಎದುರುಬದುರು ಸೀಟು, ನಾಲ್ವರ ಮೊಣಕಾಲುಗಳ ಮೇಲೆ ಒಂದು ಬ್ರೀಫ್‌ಕೇಸು, ಅದರ ಮೇಲೆ ಪಟಪಟನೆ ಬೀಳುವ ಎಲೆಗಳು. ಬ್ರೀಫ್‌ಕೇಸುಗಳ ಕಾಲ ಮುಗಿದು ಎಲ್ಲರ ಬೆನ್ನಿಗೂ ಲ್ಯಾಪ್‌ಟಾಪ್ ಚೀಲ ಬಂದ ಮೇಲೆ ಕೆಲವರು ರಟ್ಟಿನ ಹಲಗೆ ತರತೊಡಗಿದರು. ಆಡುವವರ ಮೇಲೆ ತಕರಾರುಗಳೂ ಇವೆ. ಸೀಟು ಹಿಡಿದಿಡುತ್ತಾರೆ, ಗಲಾಟೆ ಮಾಡುತ್ತಾರೆ, ಹೊಸಬರಿಗೆ ಜಾಗ ಕೊಡುವುದಿಲ್ಲ ಎನ್ನುತ್ತಾರೆ. ಎಲ್ಲವೂ ಸುಳ್ಳಲ್ಲ. ಆದರೂ ದಿನಕ್ಕೆ ಎರಡು ಹೊತ್ತು, ಒಂದೊಂದು ಗಂಟೆಗೂ ಮಿಕ್ಕಿದ ಪ್ರಯಾಣವನ್ನು ಇಪ್ಪತ್ತು ಮೂವತ್ತು ವರ್ಷ ಮಾಡಬೇಕಾದ ಮನುಷ್ಯ ಏನನ್ನಾದರೂ ಹಿಡಿದುಕೊಳ್ಳಲೇಬೇಕು. ಕೆಲವರು ಭಜನೆ ಹಿಡಿದರು, ಕೆಲವರು ಪೇಪರು. ನಾವು ಮೆಂಡಿಕೋಟ್ ಹಿಡಿದೆವು.

ನಾವು ಎಂದರೆ ಡೊಂಬಿವಲಿಯಿಂದ ಹೊರಡುವ ಫಾಸ್ಟ್ ಲೋಕಲ್ಲಿನ ಸೆಕೆಂಡ್ ಕ್ಲಾಸ್ ಡಬ್ಬಿಯ ನಾಲ್ವರು. ಮೊದಲನೆಯವರು ಬ್ಯಾಂಕಿನ ಕಾಕಾ, ಅಪ್ಪಟ ಮರಾಠಿಗರು, ನಿವೃತ್ತಿಗೆ ಹತ್ತಿರವಾದವರು. ಎರಡನೆಯವರು ಡ್ರೈಫ್ರೂಟ್ ಅಂಗಡಿಯ ಗುಜರಾತಿ ಭಾಯ್, ಸಿಎಸ್‌ಎಂಟಿಯಲ್ಲಿ ಇಳಿದು ಹಿಂದಕ್ಕೆ ಮಸ್ಜಿದ್ ಬಂದರಿನ ಕಡೆ ನಡೆಯುವವರು. ಮೂರನೆಯವರು ಕುಂದಾಪುರದ ಕಡೆಯ ಮ್ಯಾನೇಜರು, ದಕ್ಷಿಣ ಮುಂಬಯಿಯ ಒಂದು ಆಫೀಸು ಕಟ್ಟಡದ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದರು. ನಾಲ್ಕನೆಯವನು ಗದಗಿನ ಕಡೆಯಿಂದ ಬಂದ ನಾನು. ಫಸ್ಟ್ ಕ್ಲಾಸ್ ಪಾಸು ತೆಗೆಸುವಷ್ಟು ಸಂಬಳ ಬಂದ ಮೇಲೂ ನಾನು ಆ ಡಬ್ಬಿ ಬಿಡಲಿಲ್ಲ. ಅದಕ್ಕೆ ಇವರೇ ಕಾರಣ. ಒಂಬತ್ತು ವರ್ಷ ಜೊತೆಗೆ ಆಡಿದರೂ ಒಬ್ಬರ ಮನೆ ಇನ್ನೊಬ್ಬರು ನೋಡಿರಲಿಲ್ಲ. ಫೋನಿನಲ್ಲಿ ಹೆಸರುಗಳು ಕೂಡ ಹಾಗೇ ಇದ್ದವು: ‘ಬ್ಯಾಂಕ್ ಕಾಕಾ’, ‘ಬದಾಮ್ ಭಾಯ್’, ‘ಕ್ಯಾಂಟೀನ್’. ನಾನು ಅವರ ಫೋನಿನಲ್ಲಿ ‘ಕಂಪ್ಯೂಟರ್’.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೆಂಡಿಕೋಟ್ ನಾಲ್ವರ ಆಟ, ಎದುರು ಕೂತವರು ಜೊತೆಗಾರರು. 52 ಎಲೆ, ತಲಾ 13. ಮೊದಲು ಬಿದ್ದ ಎಲೆಯ ಬಣ್ಣವೇ ಉಳಿದವರೂ ಹಾಕಬೇಕು. ದೊಡ್ಡ ಎಲೆ ಹಾಕಿದವರಿಗೆ ಆ ನಾಲ್ಕು ಎಲೆಗಳ ‘ಹಾತ್’. ನಾವು ಆಡುತ್ತಿದ್ದ ಕ್ರಮದಲ್ಲಿ ತುರುಪನ್ನು ಮೊದಲೇ ಹೇಳುವುದಿಲ್ಲ. ಕೇಳಿದ ಬಣ್ಣ ಕೈಯಲ್ಲಿ ಇಲ್ಲದವನು ಮೊದಲ ಸಲ ಯಾವ ಎಲೆ ಎಸೆಯುತ್ತಾನೋ ಅದರ ಬಣ್ಣವೇ ತುರುಪು. ಗುರಿ ಹಾತ್‌ಗಳ ಲೆಕ್ಕವಲ್ಲ, ನಾಲ್ಕು ಹತ್ತುಗಳು. ಮೂರು ಹತ್ತು ಹಿಡಿದ ಜೋಡಿ ಗೆದ್ದಂತೆ. ಎರಡೆರಡು ಹಂಚಿಹೋದರೆ ಮಾತ್ರ ಹಾತ್ ಎಣಿಸಿ, ಏಳು ಮಾಡಿದವರಿಗೆ ಗೆಲುವು. ನಾಲ್ಕೂ ಹತ್ತು ಒಂದೇ ಕಡೆ ಬಂದರೆ ಅದೇ ಮೆಂಡಿಕೋಟ್. ಆ ದಿನ ಸೋತವರು ಚಹಾ ಕೊಡಿಸಬೇಕು. ದುಡ್ಡಿಟ್ಟು ನಾವು ಎಂದೂ ಆಡಿದವರಲ್ಲ.

2020ರ ಮಾರ್ಚ್ 22ರಂದು ಲೋಕಲ್ ರೈಲು ನಿಂತಿತು. ಮಳೆಗೆ ಹಳಿ ಮುಳುಗಿ ಅರ್ಧ ದಿನ, ಒಂದು ದಿನ ನಿಂತದ್ದನ್ನು ಎಲ್ಲರೂ ಕಂಡಿದ್ದೆವು. ಇದು ಹಾಗಲ್ಲ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಮಾತ್ರ ಕೆಲವು ರೈಲು ಬಿಟ್ಟರು. ಅಷ್ಟರಲ್ಲಿ ನಮ್ಮ ಗುಂಪು ನಾಲ್ಕು ದಿಕ್ಕಿಗೆ ಹೋಗಿತ್ತು. ಕಾಕಾ ವಾರಕ್ಕೆ ಎರಡು ಮೂರು ದಿನ ಬಸ್ಸಿನಲ್ಲಿ ಬ್ಯಾಂಕಿಗೆ ಹೋಗಿಬಂದು, ಮೇ ಕೊನೆಗೆ ನಿವೃತ್ತರಾದರು. ರೈಲಿನ ಗುಂಪುಗಳಲ್ಲಿ ನಿವೃತ್ತಿಯ ಕೊನೆಯ ಪ್ರಯಾಣವೆಂದರೆ ಸಣ್ಣ ಹಬ್ಬ: ಹಾರ, ಪೇಢೆ, ಒಂದೆರಡು ಹಾಡು. ಕಾಕಾನಿಗೆ ಅದು ಸಿಗಲಿಲ್ಲ. ಭಾಯ್ ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಕ್ಯಾಂಟೀನ್ ಮ್ಯಾನೇಜರು ಸೇವಾ ಸಿಂಧು ಪಾಸು ಮಾಡಿಸಿಕೊಂಡು, ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ಬಾಗಿಲು ಹಾಕುವ ಸ್ವಲ್ಪ ಮೊದಲು ಊರು ಸೇರಿದರು. ತಾವು ಓದಿದ ಸರ್ಕಾರಿ ಶಾಲೆಯಲ್ಲೇ ಕ್ವಾರಂಟೈನ್ ಮುಗಿಸಿದರು. “ಎಂತ ಹೇಳುದು ಮಾರಾಯ್ರೇ, ಪರೀಕ್ಷೆಗೆ ಕೂತ ಕೋಣೆಯಲ್ಲೇ ಚಾಪೆ ಹಾಸಿ ಮಲಗಿದ್ದೆ. ದೂರದಿಂದಲೇ ಊರವರು ‘ಬೊಂಬಾಯಿಯವ’ ಅಂತ ಬೆರಳು ತೋರಿಸ್ತಿದ್ರು” ಎಂದು ಫೋನಿನಲ್ಲಿ ನಕ್ಕರು. ಆ ನಗು ಪೂರ್ತಿ ನಗುವಾಗಿರಲಿಲ್ಲ.

ನಾನು ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತಿದ್ದೆ. ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಹೊರಗಿನವರು ತಿಳಿದಂತೆ ಕಂಪ್ಯೂಟರ್ ಕೆಲಸವಲ್ಲ. ಎಕ್ಸೆಲ್ ಶೀಟು, ಸ್ಟೇಟಸ್ ಕಾಲ್, ತಾರೀಖು ಮುಂದೆ ಹಾಕಿದ್ದಕ್ಕೆ ಸಮಜಾಯಿಷಿ. ಎಂಟೆಕ್ ಮುಗಿಸಿ ಸೇರಿದಾಗ ಕೋಡ್ ಬರೆಯುತ್ತಿದ್ದವನು ಹತ್ತು ಹನ್ನೆರಡು ವರ್ಷಗಳಿಂದ ಒಂದು ಸಾಲೂ ಬರೆದಿರಲಿಲ್ಲ. ಮಗಳು ಆಗ ಮೊದಲ ವರ್ಷದ ಇಂಜಿನಿಯರಿಂಗ್‌ನಲ್ಲಿದ್ದಳು, ಸಿ ಭಾಷೆ ಅವಳ ಪಾಠದಲ್ಲಿತ್ತು. ಆನ್‌ಲೈನ್ ತರಗತಿಯಲ್ಲಿ ಪಾಯಿಂಟರ್ ಅರ್ಥವಾಗದೆ ಸಿಡಿಮಿಡಿಗೊಂಡಿದ್ದಳು. ನಾವು ಕಾಲೇಜಿನಲ್ಲಿ ಟರ್ಬೊ ಸಿಯ ನೀಲಿ ಪರದೆಯ ಮುಂದೆ, ಯಶವಂತ ಕಾನೇಟ್ಕರ್ ಅವರ ‘ಲೆಟ್ ಅಸ್ ಸಿ’ ಬಗಲಲ್ಲಿಟ್ಟುಕೊಂಡು ಕಲಿತದ್ದು ನೆನಪಾಯಿತು. ಡೆನಿಸ್ ರಿಚಿ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಭಾಷೆ ಅಪ್ಪನ ಕಾಲಕ್ಕೂ ಮಗಳ ಕಾಲಕ್ಕೂ ಪಠ್ಯವಾಗಿ ಉಳಿದಿದೆ ಎಂಬುದೇ ಒಂದು ಸೋಜಿಗ. “ಪಾಯಿಂಟರ್ ಕಲೀಲಿಕ್ಕೆ ಏನಾದರೂ ಕಟ್ಟಬೇಕು. ನಮ್ಮ ಮೆಂಡಿಕೋಟ್ ಕಟ್ಟೋಣೇನು?” ಅಂದೆ. ಮೊಬೈಲಿನಲ್ಲಿ ಸಿದ್ಧ ಆಟಗಳು ಇರುವಾಗ ಇದೇಕೆ ಎಂದು ಅವಳು ಕೇಳಿದಳು. ಸಿದ್ಧ ಆಟಗಳಲ್ಲಿ ಜಾಹೀರಾತು, ನಾಣ್ಯ, ಗುರುತಿಲ್ಲದ ಎದುರಾಳಿ. ನನಗೆ ಬೇಕಿದ್ದದ್ದು ನಾಲ್ಕು ಸೀಟು ಮಾತ್ರ.

ಆರಂಭ ಸುಲಭ. ಎಲೆಗೆ ಚಿತ್ರ ಬೇಡ, ಒಂದು ಅಂಕಿ ಸಾಕು. ಸೊನ್ನೆಯಿಂದ 51ರವರೆಗೆ. ಅಂಕಿಯನ್ನು 13ರಿಂದ ಭಾಗಿಸಿದರೆ ಬಂದ ಭಾಗಲಬ್ಧ ಬಣ್ಣ, ಉಳಿದ ಶೇಷ ಎಲೆಯ ಬೆಲೆ. ಈ 4 ಮತ್ತು 13ನ್ನು ಪ್ರೋಗ್ರಾಮಿನ ಉದ್ದಕ್ಕೂ ಅಲ್ಲಲ್ಲಿ ಬರೆಯದೆ, ಮೇಲೊಂದು ಕಡೆ ಹೆಸರು ಕೊಟ್ಟು ಇಡು ಎಂದೆ. ಯಾಕೆ, ಇಸ್ಪೀಟಿನಲ್ಲಿ ಐದನೇ ಬಣ್ಣ ಬರುತ್ತದೆಯೇ ಎಂದಳು. ಬಂದದ್ದುಂಟು. ನಮ್ಮ ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಬಣ್ಣ, ತಲಾ 12 ಎಲೆ, ಒಟ್ಟು 120. ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ಅದರಲ್ಲೂ ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಕ್ರಮ ತಿರುಗಿ ಒಂದು ದೊಡ್ಡದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಇಂಥ ಎಲೆಯಾಟಗಳಿಗೆ ಜಾಗ ಕೊಟ್ಟಿದ್ದಾರೆ. ಮಹಾರಾಷ್ಟ್ರದ ಸಾವಂತವಾಡಿಯಲ್ಲಿ ಇಂದಿಗೂ ಕೈಯಿಂದ ಬರೆದ ಗಂಜೀಫಾ ಎಲೆ ಸಿಗುತ್ತದೆ. ಇಷ್ಟು ಹೇಳಿದ ಮೇಲೆ ಮಗಳು ಮರುಮಾತಿಲ್ಲದೆ ಎರಡು ಹೆಸರು ಕೊಟ್ಟಳು: ‘ಬಣ್ಣ’, ‘ಬೆಲೆ’.

ಕಲೆಸುವುದು ಬಂದಾಗ ನಿಜವಾದ ಪಾಠ ಶುರುವಾಯಿತು. ಮಗಳ ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದೇ: ಪ್ರತಿ ಎಲೆಯನ್ನೂ 52ರಲ್ಲಿ ಯಾವುದೋ ಒಂದರ ಜೊತೆ ಅದಲುಬದಲು ಮಾಡುತ್ತ ಹೋಗುವುದು. ನೋಡಲು ಸರಿ. ಆದರೆ ಮೂರೇ ಎಲೆ ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ. ಪ್ರತಿ ಹೆಜ್ಜೆಗೆ ಮೂರು ಆಯ್ಕೆ, ಒಟ್ಟು 27 ದಾರಿ. ಮೂರು ಎಲೆ ಕೂಡಬಹುದಾದ ಕ್ರಮಗಳು ಆರು. 27ನ್ನು ಆರಕ್ಕೆ ಸಮವಾಗಿ ಹಂಚಲು ಬಾರದು. ಹಾಗಾಗಿ ಕೆಲವು ಕ್ರಮಗಳು ಐದು ದಾರಿಯಿಂದ, ಕೆಲವು ನಾಲ್ಕೇ ದಾರಿಯಿಂದ ಬರುತ್ತವೆ. ಕಣ್ಣಿಗೆ ಕಾಣದ ಪಕ್ಷಪಾತ ಇದು. ಸರಿಯಾದ ವಿಧಾನವನ್ನು ರೊನಾಲ್ಡ್ ಫಿಷರ್ ಮತ್ತು ಫ್ರಾಂಕ್ ಯೇಟ್ಸ್ 1938ರಲ್ಲೇ ತಮ್ಮ ಸಂಖ್ಯಾಶಾಸ್ತ್ರದ ಕೋಷ್ಟಕಗಳ ಪುಸ್ತಕದಲ್ಲಿ ಕೊಟ್ಟಿದ್ದರು. ಕಂಪ್ಯೂಟರಿಗೆ ಒಗ್ಗುವ ರೂಪವನ್ನು 1964ರಲ್ಲಿ ರಿಚರ್ಡ್ ಡರ್ಸ್ಟೆನ್‌ಫೆಲ್ಡ್ ಪ್ರಕಟಿಸಿದರು. ಕೊನೆಯ ಎಲೆಯನ್ನು 52ರಲ್ಲಿ ಒಂದರ ಜೊತೆ ಬದಲಿಸಿ ಅಲ್ಲೇ ಬಿಡಬೇಕು. ಮುಂದಿನದನ್ನು ಉಳಿದ 51ರಲ್ಲಿ ಒಂದರ ಜೊತೆ. ಹೀಗೇ ಇಳಿಯುತ್ತ ಬರಬೇಕು. ಮೂರು ಎಲೆಗೆ ಮೂರು ಎರಡಲೆ ಆರು, ಪ್ರತಿ ಕ್ರಮಕ್ಕೂ ಒಂದೇ ದಾರಿ.

ಎರಡನೆಯ ಪಾಠ ಬೀಜದ್ದು. ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆ ಯಾವುದೋ ಒಂದು ಬೀಜದಿಂದ ಹುಟ್ಟುವ ಸರಣಿ. ಪಠ್ಯಪುಸ್ತಕಗಳು ಆ ಬೀಜಕ್ಕೆ ಗಡಿಯಾರದ ಸಮಯ ಕೊಡಿ ಎನ್ನುತ್ತವೆ. ಅದು ಸೆಕೆಂಡುಗಳ ಲೆಕ್ಕ. ರಾತ್ರಿ ಒಂಬತ್ತರಿಂದ ಹತ್ತರೊಳಗೆ ಆಟ ಶುರುವಾಯಿತು ಎಂದು ಗೊತ್ತಿದ್ದವನಿಗೆ ಹುಡುಕಬೇಕಾದ ಕಟ್ಟುಗಳು 3,600 ಮಾತ್ರ. 52 ಎಲೆಗಳ ಒಟ್ಟು ಕ್ರಮಗಳೋ 68 ಅಂಕಿಗಳ ಸಂಖ್ಯೆ! 1999ರಲ್ಲಿ ಇಂಟರ್ನೆಟ್ ಪೋಕರ್ ತಾಣವೊಂದರ ಕಲೆಸುವ ಕೋಡನ್ನು ಅಮೆರಿಕದ ತಜ್ಞರು ಇದೇ ದಾರಿಯಲ್ಲಿ ಮುರಿದರು. ಅಲ್ಲಿ ಬೀಜ ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಾಗಿತ್ತು. ಕೈಗೆ ಬಂದ ಕೆಲವು ಎಲೆ ನೋಡಿ ಉಳಿದವರ ಎಲೆಗಳನ್ನೆಲ್ಲ ಹೇಳಿಬಿಡುತ್ತಿದ್ದರು. ನಾವು ಗಡಿಯಾರ ಬಿಟ್ಟು, ಲಿನಕ್ಸ್ ವ್ಯವಸ್ಥೆಯೇ ಕೊಡುವ ಯಾದೃಚ್ಛಿಕ ಬೈಟುಗಳನ್ನು ಓದಿಕೊಂಡೆವು.

ಇಷ್ಟೆಲ್ಲ ಮಾಡಿ ಗುಂಪಿಗೆ ಫೋನಿನಲ್ಲಿ ವಿವರಿಸಿದಾಗ ಕಾಕಾ ಶಾಂತವಾಗಿ ಕೇಳಿದರು: “ಪಿಸ್ತೋ ಕೋಣ್? ಆಣಿ ಕಾಪ್ತೋ ಕೋಣ್?” ಕಲೆಸುವವರು ಯಾರು, ಕಟ್ ಮಾಡುವವರು ಯಾರು. ಕಂಪ್ಯೂಟರ್ ಕಲೆಸುತ್ತದೆ, ಕಟ್ ಬೇಡ ಎಂದೆ. “ಆ ಕಂಪ್ಯೂಟರ್ ಯಾರದ್ದು?” ಎಂದರು. ನನ್ನದು. “ಅಂದಮೇಲೆ ಕಟ್ ಬೇಕು.” ಸಮವಾಗಿ ಕಲೆಸಿದ ಕಟ್ಟನ್ನು ಎಲ್ಲಿ ಕತ್ತರಿಸಿದರೂ ಅದು ಮೊದಲಿನಷ್ಟೇ ಸಮ, ಗಣಿತಕ್ಕೆ ಕಟ್ ಏನನ್ನೂ ಕೂಡಿಸುವುದಿಲ್ಲ. ಆದರೆ ಒಂಬತ್ತು ವರ್ಷ ರೈಲಿನಲ್ಲಿ ನಾವು ಒಬ್ಬರನ್ನೊಬ್ಬರು ನಂಬಿದ್ದು ಗಣಿತದಿಂದಲ್ಲ. ಹಂಚುವವನ ಪಕ್ಕದವನು ಕಟ್ಟನ್ನು ಮುಟ್ಟುತ್ತಿದ್ದ, ಅಷ್ಟೇ. ಮಗಳು ಏಳೆಂಟು ಸಾಲು ಸೇರಿಸಿದಳು. ಪ್ರತಿ ಆಟದ ಮೊದಲು ಸರ್ವರ್ ಒಬ್ಬರನ್ನು ಕೇಳುತ್ತದೆ: ಒಂದರಿಂದ 51ರೊಳಗೆ ಒಂದು ಸಂಖ್ಯೆ ಹೇಳಿ. ಕಾಕಾ ಪ್ರತಿ ಸಲ 17 ಹೇಳುತ್ತಿದ್ದರು.

ನಾಲ್ವರನ್ನು ಜೋಡಿಸುವ ಕೆಲಸ ಸಾಕೆಟ್‌ಗಳದ್ದು. 1983ರಲ್ಲಿ ಬರ್ಕ್‌ಲಿಯ ಯುನಿಕ್ಸ್ ಜೊತೆ ಬಂದ ಈ ವ್ಯವಸ್ಥೆ ಇಂದೂ ಇಂಟರ್ನೆಟ್ಟಿನ ತಳಪಾಯದಲ್ಲಿದೆ. ಸರ್ವರ್ ಒಂದು ಬಾಗಿಲು ತೆರೆದು ಕೂರುತ್ತದೆ, ಬಂದವರಿಗೆ ಒಂದೊಂದು ಸಾಕೆಟ್ ಕೊಡುತ್ತದೆ. ತೊಡಕು ಎರಡು ಕಡೆ. ಮೊದಲನೆಯದು, ಒಬ್ಬರ ಮಾತು ಕೇಳುತ್ತ ಕೂತರೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ, ಉಳಿದ ಮೂವರು ಕೂಗಿಕೊಂಡರೂ ಕಿವಿಗೆ ಬೀಳುವುದಿಲ್ಲ. ಅದಕ್ಕೆ ‘ಸೆಲೆಕ್ಟ್’ ಎಂಬ ಕರೆ ಇದೆ. ನಾಲ್ಕೂ ಸಾಕೆಟ್‌ಗಳನ್ನು ಒಟ್ಟಿಗೆ ಗಮನಿಸಿ, ಯಾರು ಮಾತಾಡಿದರೋ ಅವರ ಹೆಸರು ಹೇಳುತ್ತದೆ. ಇದನ್ನು ಮ್ಯಾನೇಜರಿಗೆ ಹೇಳಿದಾಗ, “ಅದೆಂತ ದೊಡ್ಡ ವಿಷಯ? ನಾಲ್ಕು ಟೇಬಲ್ ನೋಡುವ ಮಾಣಿ” ಎಂದರು. ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಎರಡನೆಯದು, ಟಿಸಿಪಿ ಎಂಬುದು ರೈಲಿನ ಹಾಗೆ ಡಬ್ಬಿ ಡಬ್ಬಿಯಾಗಿ ಬರುವುದಿಲ್ಲ, ನಲ್ಲಿಯ ನೀರಿನ ಹಾಗೆ ಹರಿದು ಬರುತ್ತದೆ. ಕಳಿಸಿದ ಒಂದು ವಾಕ್ಯ ಎರಡು ತುಂಡಾಗಿ ಬರಬಹುದು, ಎರಡು ವಾಕ್ಯ ಅಂಟಿಕೊಂಡು ಒಂದೇ ಸಲ ಬರಬಹುದು. ಮನೆಯ ವೈಫೈನಲ್ಲಿ ಎಲ್ಲ ಸರಿಯಾಗಿ ನಡೆದದ್ದು ಕುಂದಾಪುರದ ಹಳ್ಳಿಯ ಸಿಗ್ನಲ್‌ನಲ್ಲಿ ತುಂಡಾಯಿತು. ಪ್ರತಿ ಸೀಟಿಗೂ ಒಂದು ಸಣ್ಣ ಡಬ್ಬ ಇಟ್ಟು, ಸಾಲಿನ ಕೊನೆಯ ಗುರುತು ಬರುವವರೆಗೆ ಬಂದದ್ದನ್ನು ಅದರಲ್ಲಿ ತುಂಬುತ್ತ ಹೋಗುವುದೇ ಪರಿಹಾರ. ಎಂಜಿನಿಯರಿಂಗ್ ಓದುತ್ತಿರುವ ಓದುಗರು ಇದೊಂದನ್ನು ಮರೆಯದಿರಿ.

ಆಡುವವರಿಗಾಗಿ ಬೇರೆ ಪ್ರೋಗ್ರಾಂ ಬರೆಯಲಿಲ್ಲ. ಎಲ್ಲವೂ ಸಾದಾ ಅಕ್ಷರ, ಹಾಗಾಗಿ ಮೊಬೈಲಿನಲ್ಲಿ ಟರ್ಮಕ್ಸ್ ಹಾಕಿ ಟೆಲ್ನೆಟ್ ಮಾಡಿದರೆ ಸಾಕು. ಮಗಳು ಮೂವರಿಗೂ ವೀಡಿಯೊ ಕಾಲ್‌ನಲ್ಲಿ ಕಲಿಸಿದಳು. ಮೊದಲು ಎಲೆಗಳ ಹೆಸರನ್ನು ಕನ್ನಡದಲ್ಲೇ ಬರೆಸುವ ಆಸೆ ನನಗಿತ್ತು. ಆದರೆ ಸಿ ಭಾಷೆ ಎಣಿಸುವುದು ಬೈಟುಗಳನ್ನು. ‘ಇಸ್ಪೀಟು’ ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡಿಗೆ ಏಳು ಸಂಕೇತ, ಸಿ ಭಾಷೆಯ ಲೆಕ್ಕಕ್ಕೆ 21 ಬೈಟು. ಸಾಲು ಸಾಲಾಗಿ ಜೋಡಿಸಲು ಹೋದರೆ ಎಲೆಗಳು ಪರದೆಯ ತುಂಬ ಅಡ್ಡಾದಿಡ್ಡಿ ನಿಂತವು. ಮೇಲಾಗಿ ಕಾಕಾನಿಗೆ ಕನ್ನಡ ಓದಲು ಬಾರದು, ಮ್ಯಾನೇಜರಿಗೆ ಗುಜರಾತಿ ಬಾರದು. ಕೊನೆಗೆ ಯೂನಿಕೋಡ್‌ನಲ್ಲಿರುವ ಇಸ್ಪೀಟಿನ ನಾಲ್ಕು ಚಿಹ್ನೆಗಳನ್ನೇ ಬಳಸಿದೆವು. ಅವು ನಾಲ್ವರಿಗೂ ತಾಯ್ನುಡಿ.

ಇನ್ನು ಗುಟ್ಟಿನ ವಿಚಾರ. ಎಲ್ಲ 52 ಎಲೆಯೂ ಸರ್ವರಿನ ಹೊಟ್ಟೆಯಲ್ಲಿ ಇರಬೇಕು, ಆಡುವವನ ಮೊಬೈಲಿಗೆ ಹೋಗಬೇಕಾದ್ದು ಅವನ 13 ಮಾತ್ರ. ಬಣ್ಣ ಇದ್ದೂ ಇಲ್ಲವೆಂದು ತುರುಪು ಹಾಕಿದರೆ ಸರ್ವರ್ ಒಪ್ಪಬಾರದು. ಇದಿಷ್ಟು ಕೋಡ್ ಮಾಡಿದೆವು. ಆದರೆ ಜೊತೆಗಾರರಿಬ್ಬರು ಪಕ್ಕದಲ್ಲಿ ವಾಟ್ಸಾಪ್ ಮಾಡಿಕೊಂಡು ಎಲೆ ಹೇಳಿಕೊಂಡರೆ? ಅದಕ್ಕೆ ಯಾವ ಭಾಷೆಯಲ್ಲೂ ತಡೆ ಇಲ್ಲ. ಭಾಯ್ ಹೇಳಿದ್ದು ಸರಿ: “ಹಾಗೆ ಗೆಲ್ಲಬೇಕೆಂದಿದ್ದರೆ ರೈಲಿನಲ್ಲೇ ಕಣ್ಣು ಹೊಡೆಯುತ್ತಿದ್ದೆವಲ್ಲ?”

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು, ಆಟದ ನಡುವೆ ಒಬ್ಬರು ಇಲ್ಲವಾದರೆ ಏನು ಮಾಡುವುದು ಎಂಬ ಪ್ರಶ್ನೆ. ಒಬ್ಬ ತಾನೇ ಹೊರಹೋದರೆ ಸಾಕೆಟ್ ತಿಳಿಸುತ್ತದೆ. ಆದರೆ ಸಿಗ್ನಲ್ ಹೋದಾಗ ಏನೂ ತಿಳಿಯುವುದಿಲ್ಲ, ಬರೀ ಮೌನ. ಲಿನಕ್ಸ್‌ನಲ್ಲಿ ಆ ಕಡೆಯವರು ಬದುಕಿದ್ದಾರೋ ಎಂದು ನೋಡುವ ಏರ್ಪಾಟು ಇದೆ. ಅದನ್ನು ಚಾಲೂ ಮಾಡಿದರೂ ಅದು ತಾನಾಗಿ ಕಾಯುವ ಹೊತ್ತು ಎರಡು ಗಂಟೆ. ನಾವು 20 ಸೆಕೆಂಡಿಗೊಮ್ಮೆ ನಮ್ಮದೇ ಆದ ಒಂದು ತಟ್ಟುವಿಕೆ ಇಟ್ಟೆವು. ಪ್ರತಿ ಸೀಟಿಗೂ ನಾಲ್ಕಂಕಿಯ ಗುರುತು. ಸಿಗ್ನಲ್ ಬಂದ ಮೇಲೆ ಗುರುತು ಹೇಳಿದರೆ ಅದೇ ಸೀಟು, ಅದೇ ಎಲೆಗಳು.

ಅಲ್ಲಿಯವರೆಗೆ? ಮಗಳು ಬಾಟ್ ಕೂರಿಸೋಣ ಎಂದಳು. ಮೂವತ್ತು ಸೆಕೆಂಡು ಕಾದು, ಬರದಿದ್ದರೆ ಕಂಪ್ಯೂಟರೇ ಅವರ ಪರವಾಗಿ ಎಲೆ ಹಾಕಲಿ. ನನ್ನ ಆಫೀಸಿನಲ್ಲಾದರೆ ಇದೇ ಸರಿಯಾದ ಉತ್ತರ. ಒಬ್ಬ ರಜೆ ಹಾಕಿದರೆ ಬದಲಿ ವ್ಯವಸ್ಥೆ ತೋರಿಸಬೇಕು, ಕೆಲಸ ನಿಲ್ಲಬಾರದು. ಗುಂಪಿನಲ್ಲಿ ಕೇಳಿದಾಗ ಮೂವರೂ ಬೇಡವೆಂದರು. ರೈಲಿನಲ್ಲಿ ಒಬ್ಬರು ಬಾರದ ದಿನ ನಿಂತವರಲ್ಲಿ ಒಬ್ಬರನ್ನು ಕೂರಿಸಿಕೊಳ್ಳುತ್ತಿದ್ದದ್ದು ನಿಜ. ಆದರೆ ಕೂತವನು ಠಾಣೆಯಲ್ಲಿ ಒಂದು ಫೋನು ಬಂತೆಂದು ಎದ್ದು ಬಾಗಿಲಿಗೆ ಹೋದರೆ ಅವನ ಎಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಬಾಟ್ ಇಲ್ಲ. ಮಗಳು ಸ್ವಲ್ಪ ಮುನಿಸಿನಿಂದಲೇ ಆ ಸಾಲುಗಳನ್ನು ತೆಗೆದಳು. ಸರ್ವರ್ ಕಾಯುತ್ತದೆ, ಎಷ್ಟು ಹೊತ್ತಾದರೂ.

ಆ ಮಳೆಗಾಲ ಹೆಚ್ಚು ಕಡಿಮೆ ದಿನವೂ ರಾತ್ರಿ ಒಂಬತ್ತೂವರೆಗೆ ಆಡಿದೆವು. ಸೀಟು ಸೊನ್ನೆ ನಾನು, ಒಂದು ಕಾಕಾ, ಎರಡು ಮ್ಯಾನೇಜರು, ಮೂರು ಭಾಯ್. ಮ್ಯಾನೇಜರ ಮನೆಯೊಳಗೆ ಸಿಗ್ನಲ್ ಇರಲಿಲ್ಲ. ದನದ ಕೊಟ್ಟಿಗೆಯ ಹಿಂದಿನ ದಿಬ್ಬಕ್ಕೆ ಕೊಡೆ ಹಿಡಿದು ಹೋಗುತ್ತಿದ್ದರು. ಎಷ್ಟೋ ಸಲ ‘ಸೀಟು 2 ಸಂಪರ್ಕದಲ್ಲಿಲ್ಲ’ ಎಂದು ಪರದೆಯಲ್ಲಿ ಬಂದು, ಐದು ನಿಮಿಷಕ್ಕೆ ‘ಸೀಟು 2 ಮರಳಿದ್ದಾರೆ’ ಎಂದು ಬರುತ್ತಿತ್ತು.

ಸೆಪ್ಟೆಂಬರಿನ ಒಂದು ರಾತ್ರಿ ಮಾತ್ರ ಬೇರೆ ಥರ ಆಯಿತು. ಹಾತ್ ಅವರದ್ದಾಗಿತ್ತು, ಮುಂದಿನ ಎಲೆ ಅವರೇ ಇಳಿಸಬೇಕು. ಸಂಪರ್ಕ ಇತ್ತು, ತಟ್ಟಿದರೆ ಉತ್ತರ ಬರುತ್ತಿತ್ತು. ಎಲೆ ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಾಕಾ ತಮ್ಮ ಹಳೆಯ ಜೋಕುಗಳನ್ನು ಒಂದೊಂದಾಗಿ ಟೈಪ್ ಮಾಡಿದರು. ಕೊನೆಗೆ ಹಿಂದಿಯಲ್ಲಿ ಒಂದು ಸಾಲು ಬಂತು: ಕ್ಯಾಂಟೀನ್ ಪೂರ್ತಿ ಬಂದ್, ಇನ್ನು ಬರುವುದು ಬೇಡ ಎಂದು ಈಗ ಫೋನು ಬಂತು.

ನನಗೆ ಉತ್ತರ ಹೊಳೆಯಲಿಲ್ಲ. ಅವರ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದವರು ನನ್ನಂಥವರೇ: ಕುತ್ತಿಗೆಗೆ ಐಡಿ ಕಾರ್ಡು ಹಾಕಿ ಹನ್ನೊಂದಕ್ಕೆ ಚಹಾ, ಒಂದಕ್ಕೆ ಥಾಲಿ, ನಾಲ್ಕಕ್ಕೆ ಉಪ್ಪಿಟ್ಟು ಕೇಳುವವರು. ಮನೆಯಿಂದಲೇ ಕೆಲಸ ಚೆನ್ನಾಗಿ ನಡೆಯುತ್ತಿದೆ, ಬಾಡಿಗೆ ಉಳಿಯುತ್ತಿದೆ ಎಂದು ಅದೇ ವಾರ ನಾನೇ ಒಂದು ಪ್ರೆಸೆಂಟೇಶನ್ ಮಾಡಿಕೊಟ್ಟಿದ್ದೆ, ಬೇರೆ ಕಟ್ಟಡದ ಬೇರೆ ಕಂಪನಿಗೆ. ಆ ಉಳಿತಾಯದ ಅಂಕಿಯೊಳಗೆ ಇಂಥದೇ ಒಂದು ಕ್ಯಾಂಟೀನಿನ ನಲವತ್ತು ತಟ್ಟೆಗಳೂ ಇದ್ದವು. ರೈಲಿನಲ್ಲಾಗಿದ್ದರೆ ಅವರ ಮೊಣಕಾಲಿನ ಮೇಲೆ ಕೈ ಇಡುತ್ತಿದ್ದೆವು. ಇಲ್ಲಿ ಪರದೆಯ ಕೆಳಗೆ ಕರ್ಸರ್ ಮಿನುಗುತ್ತಿತ್ತು. ಯಾರೂ ಏನೂ ಬರೆಯಲಿಲ್ಲ.

ಆಮೇಲೆ ಮ್ಯಾನೇಜರೇ ಎಲೆ ಇಳಿಸಿದರು, ಆಟೀನ್ ಎಕ್ಕ. ಭಾಯ್ ಒಂದು ಸಣ್ಣ ಆಟೀನ್, ನಾನೊಂದು ಸಣ್ಣದು. ಕೊನೆಯ ಸರದಿ ಕಾಕಾನದ್ದು. ಎಕ್ಕ ಗೆದ್ದಾಗಿದೆ ಎಂದು ಎದುರಿಗೇ ಕಾಣುತ್ತಿದೆ. ಕಾಕಾ ಆಟೀನ್ ಹತ್ತು ಹಾಕಿದರು. ಎದುರಾಳಿಗೆ ಹತ್ತನ್ನು ಕೈಯಾರೆ ಕೊಟ್ಟಂತೆ. ಬೇರೆ ಆಟೀನ್ ಇಲ್ಲದೆ ಹಾಕಿರಬೇಕು ಎಂದುಕೊಂಡೆ. ಆದರೆ ಆ ಆಟ ಮುಗಿಯುವುದರೊಳಗೆ ಅದೇ ಕೈಯಿಂದ ಆಟೀನ್ ನಾಲ್ಕೂ ಮೂರೂ ಹೊರಬಂದವು. ನಾಲ್ವರೂ ನೋಡಿದೆವು. ನಾಲ್ವರೂ ಸುಮ್ಮನಿದ್ದೆವು. ಸರ್ವರಿನ ಪ್ರಕಾರ ಅದು ನಿಯಮಬದ್ಧ ನಡೆ, ಬಣ್ಣಕ್ಕೆ ಬಣ್ಣ ಹಾಕಿದ್ದಾರೆ, ಸರಿ. ಆ ಆಟ ಮ್ಯಾನೇಜರೂ ನಾನೂ ಗೆದ್ದೆವು. “ಚಹಾ ನನ್ನ ಲೆಕ್ಕ” ಎಂದು ಕಾಕಾ ಬರೆದರು. ಮರುದಿನ ಭಾಯ್ ಫೋನು ಮಾಡಿ, ಕಾಕಾ ನಿವೃತ್ತಿಯ ಹಣದಿಂದ ಏನೋ ಕಳಿಸುತ್ತಿದ್ದಾರೆ, ನಾವೂ ಸೇರಿಸೋಣ ಎಂದರು. ಸೇರಿಸಿದೆವು. ಎಷ್ಟು ಎಂಬುದು ಇಲ್ಲಿ ಬೇಡ.

2021ರ ಫೆಬ್ರವರಿ 1ರಿಂದ ನಿಗದಿತ ಹೊತ್ತಿನಲ್ಲಿ ಎಲ್ಲರಿಗೂ ಲೋಕಲ್ ತೆರೆಯಿತು, ಎರಡನೇ ಅಲೆಗೆ ಮತ್ತೆ ಮುಚ್ಚಿತು, ಆಗಸ್ಟ್ 15ರಿಂದ ಎರಡು ಡೋಸ್ ಆದವರಿಗೆ ತೆರೆಯಿತು. ಈಗ ನನ್ನ ಆಫೀಸು ವಾರಕ್ಕೆ ಮೂರು ದಿನ. ಅದೇ ಡಬ್ಬಿಯಲ್ಲಿ ಭಾಯ್ ಸಿಗುತ್ತಾರೆ. ಇಬ್ಬರಿಂದ ಮೆಂಡಿಕೋಟ್ ಆಗುವುದಿಲ್ಲ, ಎದುರಿನ ಹುಡುಗರ ಕಿವಿಯಲ್ಲಿ ಇಯರ್‌ಫೋನು. ಕಾಕಾ ಡೊಂಬಿವಲಿಯಲ್ಲೇ ಆರಾಮಾಗಿದ್ದಾರೆ. ಮ್ಯಾನೇಜರು ವಾಪಸು ಬರಲಿಲ್ಲ. ಊರ ಹತ್ತಿರ ರಸ್ತೆಬದಿ ಒಂದು ಸಣ್ಣ ಹೋಟೆಲು ಇಟ್ಟಿದ್ದಾರೆ. ಮಗಳು ಕೆಲಸಕ್ಕೆ ಸೇರಿದ್ದಾಳೆ. ಸಂದರ್ಶನದಲ್ಲಿ ಸಾಕೆಟ್ ಬಗ್ಗೆ ಕೇಳಿದಾಗ ಇದೇ ಆಟದ ವಿಷಯ ಹೇಳಿದಳಂತೆ. ಬಾಟ್ ಯಾಕೆ ಹಾಕಲಿಲ್ಲ ಎಂದು ಅವರು ಕೇಳಿದರಂತೆ. “ಗಿರಾಕಿ ಬೇಡ ಅಂದರು ಅಂದೆ, ಅಪ್ಪ” ಎಂದಳು.

ಇಡೀ ಪ್ರೋಗ್ರಾಂ ಆರುನೂರು ಚಿಲ್ಲರೆ ಸಾಲು. ಅದರಲ್ಲಿ ಎಲೆ, ಹಾತ್, ತುರುಪಿನ ನಿಯಮಗಳು ಇನ್ನೂರು ಸಾಲಿಗಿಂತ ಕಡಿಮೆ. ಉಳಿದದ್ದೆಲ್ಲ ತುಂಡಾದ ಮಾತನ್ನು ಜೋಡಿಸುವುದಕ್ಕೆ, ಇದ್ದಾರೋ ಎಂದು ತಟ್ಟುವುದಕ್ಕೆ, ಬಂದವರಿಗೆ ಅವರ ಸೀಟು ಮರಳಿ ಕೊಡುವುದಕ್ಕೆ. ಪಿಜಿಯಲ್ಲೋ ಹಾಸ್ಟೆಲ್ಲಿನಲ್ಲೋ ಕೂತು ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಊರಿನ ಆಟವೊಂದನ್ನು ಹೀಗೆ ಕಟ್ಟಿ ನೋಡಬಹುದು, ಒಂದು ತಿಂಗಳ ರಾತ್ರಿಗಳು ಸಾಕು. ನಿಯಮಗಳನ್ನು ಮೊದಲು ಊರಿನವರಿಂದ ಕೇಳಿ ಬರೆದುಕೊಳ್ಳಿ. ಪ್ರತಿ ಮನೆಯಲ್ಲೂ ಒಂದೊಂದು ಥರ ಇರುತ್ತದೆ.

ನನಗೂ ಈಗ ಅದೇ ಕೆಲಸ ಬಂದಿದೆ. ಮ್ಯಾನೇಜರ ಹೋಟೆಲಿನಲ್ಲಿ ರಾತ್ರಿ ಬಾಗಿಲು ಹಾಕಿದ ಮೇಲೆ ಹುಡುಗರು ಇಪ್ಪತ್ತೆಂಟು ಆಡುತ್ತಾರಂತೆ, ಮುಂಬಯಿಯವರನ್ನೂ ಸೇರಿಸಿಕೊಳ್ಳಬಹುದೇ ಎಂದು ಕೇಳಿದ್ದಾರೆ. ಅದರಲ್ಲಿ 32 ಎಲೆ, ತಲಾ ಎಂಟು. ಗುಲಾಮ ಎಲ್ಲಕ್ಕಿಂತ ದೊಡ್ಡವನು, ಆಮೇಲೆ ಒಂಬತ್ತು, ಎಕ್ಕ, ಹತ್ತು. ರಾಜ ರಾಣಿಯರು ಅವರ ಕೆಳಗೆ. ಕಾಕಾ ಒಪ್ಪಿದ್ದಾರೆ, ಕಟ್ ಇರಬೇಕು ಎಂಬ ಷರತ್ತಿನ ಮೇಲೆ. ‘ಬೆಲೆ’ಯ ಪಟ್ಟಿಯೊಂದನ್ನು ಬದಲಿಸುತ್ತಿದ್ದೇನೆ. ಹರಾಜು ಕೂಗುವ ಭಾಗ ಈ ಶನಿವಾರ.